ನೆಲದ ಕಲೆ ಆಮೇಲೆ, ಮೊದಲು ಪ್ಲಗ್ ಬಿಚ್ಚಿ ಬೆರಳು ಹಾಕಿ

ಮಳೆಗಾಲ ಬಂತು ಅಂದರೆ ಗೇರ್ ಆಯಿಲ್ ಪ್ರಶ್ನೆಗಳೂ ಬಂದವು ಅಂತಲೇ ಲೆಕ್ಕ. ಅವೇ ನಾಲ್ಕೈದು ಪ್ರಶ್ನೆ, ಬೇರೆ ಬೇರೆ ಬಡಾವಣೆಯಿಂದ. ಈ ಸಲ ಒಂದಕ್ಕೆ ಬಿಡಿಸಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನನ್ನದು 2003ರ ಮಾರುತಿ ಝೆನ್. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಕೆಳಗೆ ಎರಡು ಮೂರು ಹನಿ ಎಣ್ಣೆ. ಪಾರ್ಕಿಂಗ್ ಟೈಲ್ಸ್ ಹಾಳಾಗ್ತಿದೆ ಅಂತ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಎರಡು ಸಲ ನೋಟಿಸ್ ಕೊಟ್ಟಿದ್ದಾರೆ. ಒಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಇನ್ನೊಬ್ಬರು ಆಯಿಲ್ ಜೊತೆ ಸ್ವಲ್ಪ ಗ್ರೀಸ್ ಸೇರಿಸಿದರೆ ನಿಲ್ಲುತ್ತೆ ಅಂದರು. ಯಾರ ಮಾತು ಕೇಳಲಿ? – ಜೆ.ಪಿ. ನಗರದ ಓದುಗರು

ಇಬ್ಬರ ಮಾತೂ ಬೇಡ. ಒಳಗೆ ಎಷ್ಟು ಆಯಿಲ್ ಉಳಿದಿದೆ ಅಂತ ಇಬ್ಬರಲ್ಲಿ ಒಬ್ಬರಾದರೂ ನೋಡಿದರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಗೇರ್‌ಬಾಕ್ಸ್ ಕೆಡುವುದು ಹೊರಗೆ ಬಿದ್ದ ಆಯಿಲ್‌ನಿಂದಲ್ಲ, ಒಳಗೆ ಇಲ್ಲದ ಆಯಿಲ್‌ನಿಂದ.

ಮೊದಲು ಸಣ್ಣ ಲೆಕ್ಕ. ಒಂದು ಮಿಲಿ ಲೀಟರ್‌ಗೆ 20ಕ್ಕೂ ಹೆಚ್ಚು ಹನಿ ಬೇಕು. ರಾತ್ರಿಗೆ ಮೂರು ಹನಿ ಅಂದರೆ ತಿಂಗಳಿಗೆ ಹೆಚ್ಚೆಂದರೆ ನಾಲ್ಕೈದು ಮಿಲಿ. ನಿಂತ ಗಾಡಿಯಲ್ಲಿ ಇದು ಏನೂ ಅಲ್ಲ. ಆದರೆ ಓಡುವಾಗ ಆಯಿಲ್ ಬಿಸಿಯಾಗಿ ತೆಳ್ಳಗಾಗುತ್ತದೆ, ಗೇರುಗಳು ಅದನ್ನು ಎತ್ತಿ ಸೀಲ್‌ಗೆ, ಅಂದರೆ ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆಗೆ, ಎರಚುತ್ತವೆ. ಆಗ ಎಷ್ಟು ಹೋಗುತ್ತೆ ಅನ್ನುವುದು ನಿಮ್ಮ ಟೈಲ್ಸ್ ಮೇಲೆ ಕಾಣುವುದಿಲ್ಲ, ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಬಿದ್ದಿರುತ್ತದೆ. ಅದಕ್ಕೇ ಹನಿ ಎಣಿಸುತ್ತಾ ಕೂರಬೇಡಿ.

ಇವತ್ತು ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಕಿ. ಬೆಳಿಗ್ಗೆ ಹನಿಯನ್ನು ಬೆರಳಿಗೆ ತಗೊಂಡು ಮೂಸಿ. ಗೇರ್ ಆಯಿಲ್ ಆದರೆ ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ, ಕೈ ತೊಳೆದರೂ ಬೇಗ ಹೋಗುವುದಿಲ್ಲ. ಎಂಜಿನ್ ಆಯಿಲ್ ಸಾಮಾನ್ಯವಾಗಿ ಕಪ್ಪಗೆ, ಸುಟ್ಟ ವಾಸನೆ. ನೀರಾಗಿದ್ದರೆ ಎಸಿ ನೀರು, ಹೋಗಿ ಕಾಫಿ ಕುಡಿಯಿರಿ.

ಗೇರ್ ಆಯಿಲ್ಲೇ ಅಂತ ಗೊತ್ತಾದರೆ ಮಟ್ಟ ನೋಡಬೇಕು. ಈ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಇರುವುದಿಲ್ಲ. ಪಕ್ಕದಲ್ಲಿ ಒಂದು ಪ್ಲಗ್ ಇರುತ್ತದೆ, ಆಯಿಲ್ ತುಂಬಿಸುವುದೂ ಅಲ್ಲೇ, ಮಟ್ಟ ನೋಡುವುದೂ ಅಲ್ಲೇ. ಕಾರು ಸಮತಟ್ಟಾಗಿ ನಿಂತಿರಬೇಕು. ಬೇಸ್‌ಮೆಂಟ್ ಇಳಿಜಾರಿನಲ್ಲಿ ನಿಲ್ಲಿಸಿಯೋ, ಮುಂಭಾಗ ಮಾತ್ರ ಜಾಕ್ ಏರಿಸಿಯೋ ನೋಡಿದರೆ ಸಿಗುವುದು ಸುಳ್ಳು ಲೆಕ್ಕ. ಲಿಫ್ಟ್ ಅಥವಾ ಗುಂಡಿ ಇರುವ ಗ್ಯಾರೇಜಿಗೇ ಹೋಗಿ. ಹಾಲೋ ಬ್ಲಾಕ್ ಮೇಲೆ ಕಾರು ಏರಿಸಿ ಕೆಳಗೆ ನುಗ್ಗುವವರನ್ನು ನಾನು ಗ್ಯಾರೇಜಿನಿಂದ ಆಚೆ ಕಳಿಸಿದ್ದೇನೆ. ಬ್ಲಾಕ್ ಒಡೆಯುವ ಮೊದಲು ಹೇಳಿ ಒಡೆಯುವುದಿಲ್ಲ.

ಓಡಿಸಿ ಬಂದ ಮೇಲೆ ಹತ್ತು ನಿಮಿಷ ಬಿಡಿ. ಪ್ಲಗ್ ಸುತ್ತ ಬ್ರಷ್ ಹಾಕಿ ಒರೆಸಿ, ಇಲ್ಲದಿದ್ದರೆ ಅಲ್ಲಿರುವ ಮಣ್ಣೆಲ್ಲ ಒಳಗೆ. ಪ್ಲಗ್ ಬಿಚ್ಚಿ, ಕಿರುಬೆರಳನ್ನು ಕೊಕ್ಕೆ ಥರ ಬಗ್ಗಿಸಿ ತೂತಿನೊಳಗೆ ಹಾಕಿ. ತೂತಿನ ಕೆಳ ಅಂಚಿನಲ್ಲೇ ಆಯಿಲ್ ತಗುಲಿದರೆ ಸರಿ ಇದೆ. ಬೆರಳು ಪೂರ್ತಿ ಕೆಳಗೆ ಬಗ್ಗಿಸಿದರೂ ಒಣಗಿದ್ದರೆ ಇವತ್ತೇ ತುಂಬಿಸಿ, ನಾಳೆ ಸಕಲೇಶಪುರಕ್ಕೆ ಹೊರಟಿದ್ದರೂ ಸರಿ. ಬಹಳ ಗಾಡಿಗಳಲ್ಲಿ ಐದನೇ ಗೇರ್ ತುದಿಯಲ್ಲಿ ಒಂಟಿಯಾಗಿರುತ್ತದೆ. ಆಯಿಲ್ ಇಳಿದಾಗ ಮೊದಲು ಉಪವಾಸ ಬೀಳುವುದು ಅದೇ. ಹೈವೇಯಲ್ಲಿ ಐದನೇ ಗೇರ್‌ನಲ್ಲಿ ಮಾತ್ರ 'ಕುಯ್ಯೋ' ಅನ್ನುತ್ತಿದ್ದರೆ ನೀವು ಈಗಾಗಲೇ ತಡ ಮಾಡಿದ್ದೀರಿ. ಆಯಿಲ್ ಹಾಕಿದರೆ ಸದ್ದು ಸ್ವಲ್ಪ ತಗ್ಗಬಹುದು, ಸವೆದ ಬೇರಿಂಗ್ ವಾಪಸ್ ಬರುವುದಿಲ್ಲ.

ಬೆರಳಿಗೆ ಬಂದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ನುಣುಪು ಕೆಸರು ಇದ್ದರೆ ಹಳೇ ಗಾಡಿಗೆ ಸಹಜ. ಚಿನ್ನದ ಪುಡಿಯ ಹಾಗೆ ಮಿನುಗಿದರೆ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊ ರಿಂಗ್‌ನ ಹಿತ್ತಾಳೆ ಸವೆಯುತ್ತಿದೆ. ಕಬ್ಬಿಣದ ಚೂರು ಹಿಡಿಯಲು ಗೇರ್‌ಬಾಕ್ಸ್ ಒಳಗಿರುವ ಮ್ಯಾಗ್ನೆಟ್‌ಗೆ ಹಿತ್ತಾಳೆ ಅಂಟುವುದಿಲ್ಲ. ಮ್ಯಾಗ್ನೆಟ್ ಕ್ಲೀನ್ ಇದೆ, ಅದಕ್ಕೇ ಗೇರ್‌ಬಾಕ್ಸ್ ಕ್ಲೀನ್ ಅನ್ನುವವರ ಮಾತು ನಂಬಬೇಡಿ.

ತುಂಬಿಸುವಾಗ ತೂತಿನಿಂದ ಆಯಿಲ್ ಹೊರಗೆ ಬರುವವರೆಗೆ ಹಾಕಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದು, ಪ್ಲಗ್ ಮುಚ್ಚಿ. ಸೋರುತ್ತಲ್ವಾ, ಇನ್ನರ್ಧ ಲೀಟರ್ ಜಾಸ್ತಿ ಇರಲಿ ಅಂತ ಮೇಲಿನಿಂದ ಸುರಿದರೆ ಆ ಜಾಸ್ತಿಯೇ ಸೀಲ್ ಮೇಲೆ ಬಿದ್ದು ಇನ್ನಷ್ಟು ಸೋರುತ್ತದೆ. ಆಯಿಲ್ ಬದಲಿಸುವುದಾದರೆ ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಆಯಿಲ್ ತುಂಬಿಸುವ ಪ್ಲಗ್ ಬಿಚ್ಚುತ್ತದಾ ನೋಡಿಕೊಳ್ಳಿ. ಇದ್ದ ಆಯಿಲ್ ಖಾಲಿ ಮಾಡಿ, ಹೊಸದು ಹಾಕುವ ಪ್ಲಗ್ ತುಕ್ಕು ಹಿಡಿದು ತಿರುಗದೆ, ಕಾರನ್ನು ಟೋಯಿಂಗ್ ಗಾಡಿಯಲ್ಲಿ ನನ್ನ ಹತ್ತಿರ ತಂದವರು ಒಬ್ಬಿಬ್ಬರಲ್ಲ.

ಈಗ ಸೋರಿಕೆ. ಗೇರ್‌ಬಾಕ್ಸ್ ಹೊರಗೆಲ್ಲ ತೊಳೆಸಿ, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಮೂಲ. ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಹನಿ ಬೀಳುವ ಜಾಗವೇ ಬೇರೆ, ಸೋರುವ ಜಾಗವೇ ಬೇರೆ.

ಸೀಲ್ ಬದಲಿಸುವ ಮೊದಲು ಬ್ರೀದರ್ ನೋಡಿಸಿ. ಗೇರ್‌ಬಾಕ್ಸ್ ಮೇಲೆ ಉಸಿರಾಡುವ ಸಣ್ಣ ದಾರಿ ಅದು. ನಮ್ಮೂರ ಧೂಳಿಗೆ ಅದು ಮುಚ್ಚಿಹೋದರೆ ಒಳಗೆ ಒತ್ತಡ ಏರುತ್ತದೆ, ಒಳ್ಳೇ ಸೀಲ್‌ನಿಂದಲೂ ಆಯಿಲ್ ಹೊರಗೆ ಬರುತ್ತದೆ. ಅದು ಸರಿ ಇದ್ದರೆ ಡ್ರೈನ್ ಪ್ಲಗ್‌ನ ವಾಷರ್, ಸ್ಪೀಡೋಮೀಟರ್ ಕೇಬಲ್ ಸೇರುವಲ್ಲಿನ ಓ-ರಿಂಗ್, ಗೇರ್ ರಾಡ್ ಒಳಗೆ ಹೋಗುವ ಕಡೆಯ ಸೀಲ್, ಕೊನೆಗೆ ಚಕ್ರ ತಿರುಗಿಸುವ ಎರಡು ಡ್ರೈವ್ ಶಾಫ್ಟ್‌ಗಳ ಸೀಲ್. ನಿಮ್ಮ ಕಾರಿನಲ್ಲಿ ಡ್ರೈವ್ ಶಾಫ್ಟ್ ಸೀಲ್ ಹಾಕಲು ಶಾಫ್ಟ್ ಎಳೆದರೆ ಸಾಕು, ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಹೊಸ ಸೀಲ್ ಕೆಲವೇ ತಿಂಗಳಲ್ಲಿ ಮತ್ತೆ ಸೋರಿದರೆ ಸೀಲ್ ಕಂಪನಿಯನ್ನು ಬೈಯಬೇಡಿ. ಶಾಫ್ಟ್ ಮೇಲೆ ಉಗುರು ಆಡಿಸಿ ನೋಡಿ. ಹಳೇ ಸೀಲ್ ತಿಂದ ಗೆರೆ ಉಗುರಿಗೆ ಸಿಕ್ಕಿದರೆ ಅಲ್ಲೇ ಉತ್ತರ ಇದೆ.

ಗೇರ್‌ಬಾಕ್ಸ್ ಇಳಿಸಲೇಬೇಕಾದದ್ದು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಬೆಲ್ ಹೌಸಿಂಗ್ ಕೆಳಗಿಂದ ಹನಿ ಬೀಳುತ್ತಿದ್ದಾಗ. ಅಲ್ಲಿ ಗೇರ್‌ಬಾಕ್ಸ್‌ನ ಮುಂದಿನ ಸೀಲ್ ಅಷ್ಟೇ ಅಲ್ಲ, ಎಂಜಿನ್‌ನ ಹಿಂದಿನ ಸೀಲ್ ಕೂಡ ಸೋರಬಹುದು, ಮತ್ತೆ ಮೂಸಿ ನೋಡಿ. ಹೇಗೂ ಇಳಿಸಿದ ಮೇಲೆ ಎರಡೂ ಸೀಲ್ ಹಾಕಿಸಿ, ಕ್ಲಚ್ ಪ್ಲೇಟ್ ನೋಡಿಸಿ. ಒಂದೇ ಕೂಲಿಗೆ ಎಲ್ಲ ಮುಗಿಯುತ್ತದೆ.

ಗ್ರೀಸ್ ವಿಷಯ. ಗ್ರೀಸ್ ಹರಿಯುವುದಿಲ್ಲ. ಗೇರ್ ಅದರಲ್ಲಿ ತನ್ನ ದಾರಿ ಕೊರೆದುಕೊಂಡು ಸುಮ್ನೆ ತಿರುಗುತ್ತಿರುತ್ತದೆ, ಬೇರಿಂಗ್ ಒಣಗುತ್ತದೆ. ಒಮ್ಮೆ ಒಬ್ಬರು ಸೆಕೆಂಡ್ ಹ್ಯಾಂಡ್ ಮಾರುತಿ ಎಸ್ಟೀಮ್ ಕಾರು ತಂದರು. ಸದ್ದೇ ಇಲ್ಲ, ಗೇರ್ ಮಾತ್ರ ಬೀಳಲ್ಲ ಅಂದರು. ಡ್ರೈನ್ ಪ್ಲಗ್ ಬಿಚ್ಚಿದರೆ ಆಯಿಲ್ ಬೀಳಲೇ ಇಲ್ಲ. ಸ್ಕ್ರೂಡ್ರೈವರ್‌ನಲ್ಲಿ ಕೆದಕಿದಾಗ ಉಪ್ಪಿಟ್ಟಿನ ಹಾಗೆ ಮುದ್ದೆ ಮುದ್ದೆಯಾಗಿ ಬಿತ್ತು. ಗ್ರೀಸ್, ಮರದ ಪುಡಿ. ಮಾರುವ ಮೊದಲು ಸದ್ದು ಮುಚ್ಚಲು ಯಾರೋ ಮಾಡಿದ ಕೈಚಳಕ. ಆ ಗೇರ್‌ಬಾಕ್ಸ್ ಗುಜರಿಗೆ ಹೋಯಿತು.

ನಿಮ್ಮ ಝೆನ್‌ಗೆ ನನ್ನ ಸಲಹೆ ಇಷ್ಟು: ಮಟ್ಟ ಸರಿ ಇದ್ದು, ಬೆಲ್ ಹೌಸಿಂಗ್ ಒಣಗಿದ್ದರೆ, ಸದ್ಯಕ್ಕೆ ಕೆಳಗೊಂದು ಟ್ರೇ ಇಟ್ಟು ಅಸೋಸಿಯೇಷನ್‌ನವರನ್ನು ಸಮಾಧಾನ ಮಾಡಿ. 5,000 ಕಿಲೋಮೀಟರ್‌ಗೊಮ್ಮೆ ಮಟ್ಟ ನೋಡಿಸಿ. ಬೇರೆಯವರು 10,000 ಅನ್ನಬಹುದು. ನಾನು ಪುಕ್ಕಲ.

ಪ್ರಶ್ನೆ: ಗೇರ್ ಆಯಿಲ್‌ನಲ್ಲಿ ಜಿಎಲ್-4 ದರ್ಜೆ ಬದಲು ಜಿಎಲ್-5 ಹಾಕಿದರೆ ಇನ್ನೂ ಒಳ್ಳೆಯದಂತೆ, ಹೌದಾ? – ರಾಜಾಜಿನಗರ

ಇದು ಒಂದನೇ ಕ್ಲಾಸಿಂದ ಎರಡನೇ ಕ್ಲಾಸಿಗೆ ಪಾಸಾದ ಹಾಗಲ್ಲ. ಜಿಎಲ್-5 ಇರುವುದು ಮುಖ್ಯವಾಗಿ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ, ಅಂದರೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳಿಗೆ. ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ, ಹಳೇ ಗೇರ್‌ಬಾಕ್ಸ್‌ನ ಹಿತ್ತಾಳೆ ಸಿಂಕ್ರೊ ರಿಂಗನ್ನು ಅದು ತಿನ್ನಬಹುದು. ಮ್ಯಾನುಯಲ್ ಪುಸ್ತಕ ಹೇಳಿದ್ದನ್ನೇ ಹಾಕಿ. ಹಳೇ ಹೋಂಡಾ ಇದ್ದರೆ ಇನ್ನೂ ಹುಷಾರು, ಅವಕ್ಕೆ ದಪ್ಪ ಗೇರ್ ಆಯಿಲ್ ಅಲ್ಲ, ಅದರದೇ ತೆಳು ಆಯಿಲ್ ಬೇರೆ ಇದೆ.

ಪ್ರಶ್ನೆ: ಅಂಡರ್‌ಪಾಸ್ ನೀರಿನಲ್ಲಿ ಕಾರು ನಿಂತಿತ್ತು. ಆಮೇಲೆ ಚೆನ್ನಾಗಿಯೇ ಓಡುತ್ತಿದೆ. ಗೇರ್ ಆಯಿಲ್ ನೋಡಬೇಕಾ? – ಶೇಷಾದ್ರಿಪುರಂ

ನೋಡಬೇಕು, ಈ ವಾರವೇ. ಬ್ರೀದರ್‌ನಿಂದ ನೀರು ಒಳಗೆ ಹೋಗುತ್ತದೆ. ಆಯಿಲ್ ಹಾಲು ಜಾಸ್ತಿಯಾದ ಕಾಫಿ ಥರ ಇದ್ದರೆ ಪೂರ್ತಿ ಬದಲಿಸಿ, ಸ್ವಲ್ಪ ಓಡಿಸಿ, ಇನ್ನೊಮ್ಮೆ ಬದಲಿಸಿ.

ಪ್ರಶ್ನೆ: ಎಂಜಿನ್ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಫುಲ್ ಇದೆ, ಹಾಗಾದರೆ ಗೇರ್‌ಬಾಕ್ಸ್‌ನಲ್ಲೂ ಇರುತ್ತೆ ತಾನೇ? – ವಿಜಯನಗರ

ಪಕ್ಕದ ಮನೆ ಟ್ಯಾಂಕ್ ತುಂಬಿದರೆ ನಿಮ್ಮ ನಲ್ಲಿಯಲ್ಲಿ ನೀರು ಬರುತ್ತಾ?

ಪ್ರಶ್ನೆ: ಸೋರುವ ಜಾಗಕ್ಕೆ ಹೊರಗಿಂದ ಎಂ-ಸೀಲ್ ಮೆತ್ತಬಹುದಾ? – ಯಲಹಂಕ

ಎಣ್ಣೆ ಜಿಡ್ಡಿನ ಮೇಲೆ ಅದು ನಿಲ್ಲುವುದಿಲ್ಲ. ನಿಂತರೆ, ಆಮೇಲೆ ಅದನ್ನು ಕೆರೆದು ತೆಗೆಯಲು ನಾನು ಬೇರೆ ಕೂಲಿ ತಗೊಳ್ತೇನೆ.