ಪ್ರಕೃತಿಗೆ ಮುನಿಸುಂಟೆ?

ಪ್ರಶ್ನೆ: ಭೂಕಂಪ, ನೆರೆಹಾವಳಿಗಳನ್ನು ಕುರಿತ ಕವಿತೆಗಳಲ್ಲಿ ಪ್ರಕೃತಿ ಮುನಿದಳು, ಭೂಮಿತಾಯಿ ಸಿಡಿದೆದ್ದಳು ಎಂಬ ಮಾತೇ ಮತ್ತೆ ಮತ್ತೆ ಬರುತ್ತದೆ. ಕವಿಗಳಿಗೆ ಬೇರೆ ದಾರಿ ಇಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇದೆ, ಆದರೆ ಸುಲಭದ್ದಲ್ಲ. ಮುನಿಸು ಎಂದ ಮೇಲೆ ಅದಕ್ಕೊಂದು ಕಾರಣ ಬೇಕು. ಕಾರಣ ಹುಡುಕಹೊರಟರೆ ಸತ್ತವರ ತಪ್ಪನ್ನು ಎಣಿಸಬೇಕಾಗುತ್ತದೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ ಚರ್ಚುಗಳು ತುಂಬಿದ್ದ ಹೊತ್ತಿನಲ್ಲಿ ಪೋರ್ಚುಗಲ್‌ನ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿಯಿತು. ಹಿಂದೆಯೇ ಕಡಲು ಉಕ್ಕಿತು, ಬೆಂಕಿ ದಿನಗಟ್ಟಲೆ ಉರಿಯಿತು. ಮರುವರ್ಷ ಪ್ರಕಟವಾದ ತನ್ನ ಕವಿತೆಯಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್, ತಾಯಿಯ ಎದೆಯ ಮೇಲೆ ಜಜ್ಜಿಹೋದ ಕೂಸುಗಳು ಮಾಡಿದ ಪಾಪವೇನು, ಲಂಡನ್, ಪ್ಯಾರಿಸ್‌ಗಳಿಗಿಂತ ಲಿಸ್ಬನ್ ಹೆಚ್ಚು ಪಾಪಿಯೇ ಎಂದು ಕೇಳಿದ. ಪ್ರಶ್ನೆ ಚೂಪಾಗಿದೆ. ಆದರೆ ಕವಿತೆಯ ಬಹುಭಾಗ ತತ್ತ್ವಜ್ಞಾನಿಗಳೊಡನೆ ನಡೆಸಿದ ವಾದವೇ ಆಗಿರುವುದರಿಂದ ನೆಲ ನಡುಗಿದ ಅನುಭವ ಅದರಲ್ಲಿ ಕಡಿಮೆ. (ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂದು ಚಿಂತಕ ರೂಸೋ ವೋಲ್ಟೇರನಿಗೆ ಪತ್ರ ಬರೆದು ಮರುನುಡಿದ, ಅದು ಇಂದಿಗೂ ಸಲ್ಲುವ ಮಾತು.)

ನೀವು ಕೇಳುತ್ತಿರುವ ದಾರಿ ನನಗೆ ಕಂಡದ್ದು ಇಟಲಿಯ ಕವಿ ಲಿಯೊಪಾರ್ಡಿಯಲ್ಲಿ. ವೆಸೂವಿಯಸ್ ಜ್ವಾಲಾಮುಖಿಯ ತಪ್ಪಲಿನ ಮನೆಯೊಂದರಲ್ಲಿದ್ದುಕೊಂಡು 1836ರಲ್ಲಿ ಅವನು ಬರೆದ ‘ಲಾ ಜಿನೆಸ್ತ್ರಾ’ ಕವಿತೆ ಹೆಸರು ಪಡೆದಿರುವುದು ಬೂದಿ ನೆಲದಲ್ಲಿ ಬೆಳೆಯುವ ಹಳದಿ ಹೂವಿನ ಪೊದೆಯಿಂದ. ಅಲ್ಲಿ ದ್ರಾಕ್ಷಿ ಬೆಳೆಯುವ ರೈತನೊಬ್ಬ ರಾತ್ರಿಯೆಲ್ಲ ನಿದ್ದೆಗೆಟ್ಟು ಮನೆಯ ಮಾಡಿನ ಮೇಲಿನಿಂದ ಲಾವಾ ಹರಿಯುವ ದಿಕ್ಕನ್ನು ನೋಡುತ್ತಾನೆ. ಅದು ಹತ್ತಿರ ಬಂತೆನಿಸಿದರೆ ಅಥವಾ ಮನೆಯ ಬಾವಿಯಾಳದಲ್ಲಿ ನೀರು ಕುದಿಯುವ ಸದ್ದು ಕೇಳಿಸಿದರೆ ಹೆಂಡತಿ ಮಕ್ಕಳನ್ನೆಬ್ಬಿಸಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡುತ್ತಾನೆ. ಜ್ವಾಲಾಮುಖಿಯ ದೈತ್ಯಶಕ್ತಿಯನ್ನು ಬಣ್ಣಿಸುವ ವಿಶೇಷಣಗಳ ಸಾಲಿಗಿಂತ ಬಾವಿಯ ಆ ಸದ್ದು ಹೆಚ್ಚು ಹೆದರಿಸುತ್ತದೆ. ಇನ್ನೊಂದೆಡೆ ಲಿಯೊಪಾರ್ಡಿ, ಕೇವಲ ಮಾಗಿದ ಕಾರಣಕ್ಕೆ ಕಳಚಿಬಿದ್ದ ಪುಟ್ಟ ಹಣ್ಣೊಂದು ಇರುವೆಗಳ ಗೂಡನ್ನು ನುಚ್ಚುನೂರು ಮಾಡುವುದನ್ನು ತೋರಿಸಿ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಪಾಂಪೇಯಂಥ ಊರುಗಳು ಹೂತುಹೋದದ್ದೂ ಹಾಗೆಯೇ ಎನ್ನುತ್ತಾನೆ. ಹಣ್ಣಿಗೆ ಇರುವೆಗಳ ಮೇಲೆ ಹಗೆಯಿಲ್ಲ.

ಹಾಗೆಂದು ಲಿಯೊಪಾರ್ಡಿ ನಿಮ್ಮ ಆಕ್ಷೇಪದಿಂದ ಪೂರ್ತಿ ಪಾರಾಗುವುದಿಲ್ಲ, ಅದೇ ಕವಿತೆಯಲ್ಲಿ ಪ್ರಕೃತಿಯನ್ನು ಮಲತಾಯಿ ಎಂದೂ ಕರೆದಿದ್ದಾನೆ. ಆದರೆ ಈ ಮಲತಾಯಿ ನಮ್ಮ ತಪ್ಪಿಗಾಗಿ ಶಿಕ್ಷಿಸುವವಳಲ್ಲ, ನಮ್ಮನ್ನು ಲೆಕ್ಕಕ್ಕೇ ಇಡದವಳು. ಆದ್ದರಿಂದಲೇ ಅವನು ಮನುಷ್ಯರು ತಮ್ಮ ಸಂಕಟಕ್ಕೆ ಒಬ್ಬರನ್ನೊಬ್ಬರು ದೂರದೆ, ಅವಳೆದುರು ಒಟ್ಟಾಗಿ ನಿಲ್ಲಬೇಕೆಂದು ಕೇಳುತ್ತಾನೆ.