ಅಡುಗೆಮನೆ ಪ್ರಶ್ನೋತ್ತರ: ಮಳೆಗಾಲ ಕಂಡ ಕಾಫಿ ಬೀಜ

ಪ್ರಶ್ನೆ: ಮೇ ತಿಂಗಳಲ್ಲಿ ಹುರಿಸಿ ತಂದ ಅರ್ಧ ಕೆಜಿ ಕಾಫಿ ಬೀಜ ಡಬ್ಬಿಯ ತಳದಲ್ಲಿ ಉಳಿದುಬಿಟ್ಟಿತ್ತು. ಮಳೆ ಕಳೆದ ಮೇಲೆ ತೆಗೆದರೆ ಮೆತ್ತಗಾಗಿದೆ, ಘಮವೇ ಇಲ್ಲ. ಮತ್ತೊಮ್ಮೆ ಹುರಿದರೆ ಸರಿಹೋಗುತ್ತದೆಯೇ? (ತೀರ್ಥಹಳ್ಳಿಯಿಂದ)

ಉತ್ತರ: ಮೊದಲು ಮೂಸಿ ನೋಡಿ. ಹಳೆ ಕೊಬ್ಬರಿಯಂತೆ ಕಮಟು ಹೊಡೆದರೆ ಬೀಜದೊಳಗಿನ ಎಣ್ಣೆಯೇ ಕೆಟ್ಟಿದೆ ಎಂದರ್ಥ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ಹೊಸ ಬೀಜದೊಂದಿಗೆ ಬೆರೆಸಿದರೆ ಅದೂ ಹಾಳು. ಕಮಟಿಲ್ಲದೆ ಬರೀ ಸಪ್ಪೆಯಾಗಿದ್ದರೆ ಉಳಿಸಿಕೊಳ್ಳಬಹುದು.

ಆದರೆ ಮತ್ತೆ ಹುರಿಯಬೇಡಿ. ಹಾರಿಹೋದ ಘಮ ಬೆಂಕಿಯಿಂದ ವಾಪಸು ಬರುವುದಿಲ್ಲ, ಸುಟ್ಟ ಕಹಿ ಮಾತ್ರ ಸೇರುತ್ತದೆ. ಬೇಕಿರುವುದು ತೇವ ತೆಗೆಯುವಷ್ಟು ಬಿಸಿ. ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಒಂದು ಸಲಕ್ಕೆ 200 ಗ್ರಾಂ ಮೀರದಂತೆ ಹಾಕಿ, ತೀರಾ ಸಣ್ಣ ಉರಿಯಲ್ಲಿ 3ರಿಂದ 4 ನಿಮಿಷ ಕೈಬಿಡದೆ ಆಡಿಸಿ. ಬಣ್ಣ ಬದಲಾಗಬಾರದು, ಹೊಗೆ ಏಳಬಾರದು. ಕೂಡಲೇ ಮೊರಕ್ಕೆ ಸುರಿದು ಫ್ಯಾನಿನಡಿ ಹರಡಿ. ಪೂರ್ತಿ ಆರಿದ ಬೀಜ ಹಲ್ಲಿಗೆ ಸಿಕ್ಕರೆ ಕಟಕ್ಕನೆ ಮುರಿಯಬೇಕು. ಬಗ್ಗುವ ಬೀಜ ಮಿಕ್ಸಿಯಲ್ಲಿ ಒಂದೇ ಸಮ ಪುಡಿಯಾಗುವುದಿಲ್ಲ: ಅರ್ಧ ಹಿಟ್ಟು, ಅರ್ಧ ನುಚ್ಚು. ಹಿಟ್ಟಿನಿಂದ ಕಹಿ ಇಳಿಯುತ್ತದೆ, ನುಚ್ಚಿನಿಂದ ಏನೂ ಇಳಿಯುವುದಿಲ್ಲ. ಒಂದೇ ಲೋಟದಲ್ಲಿ ಕಹಿಯೂ ನೀರುನೀರೂ ಎನಿಸುವ ಕಾಫಿಗೆ ಇದೇ ಕಾರಣ. ಹೀಗೆ ಬಿಸಿ ಮಾಡಿದ ಬೀಜ ಇನ್ನೂ ಬೇಗ ಕೆಡುತ್ತದೆ, ಹಾಗಾಗಿ ಮೂರ್ನಾಲ್ಕು ದಿನಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳಿ.

ನಿಜವಾದ ರಿಪೇರಿ ನಡೆಯುವುದು ಫಿಲ್ಟರಿನಲ್ಲಿ. ಎರಡು ಲೋಟಕ್ಕೆ ಹೊಸ ಬೀಜ 20 ಗ್ರಾಂ ಸಾಕಾದರೆ ಇದಕ್ಕೆ 24 ಗ್ರಾಂ ಹಾಕಿ. ಪುಡಿ ಮಾಮೂಲಿಗಿಂತ ತುಸು ನುಣ್ಣಗಿರಲಿ. ಮಿಕ್ಸಿಯನ್ನು ಐದೈದು ಸೆಕೆಂಡು ತಿರುಗಿಸಿ ನಿಲ್ಲಿಸಿ, ಜಾರ್ ಬಿಸಿಯಾಗಬಾರದು. ಕುದಿದ ನೀರನ್ನು ಇಳಿಸಿ ಒಂದು ನಿಮಿಷ ಬಿಟ್ಟು, ಮೊದಲು 30 ಮಿಲಿ ಹಾಕಿ ಪುಡಿ ನೆನೆಯಲು ಬಿಡಿ. ಹೊಸ ಪುಡಿಯಾದರೆ ಗುಳ್ಳೆ ಎದ್ದು ಉಬ್ಬುತ್ತದೆ. ಹಳೆಯದು ಸುಮ್ಮನೆ ಕೂತಿರುತ್ತದೆ, ಒಳಗಿನ ಇಂಗಾಲದ ಡೈಆಕ್ಸೈಡ್ ಎಂದೋ ಹೋಗಿರುತ್ತದೆ. ಒಂದು ನಿಮಿಷದ ನಂತರ 100 ಮಿಲಿ ಹಾಕಿ ಮುಚ್ಚಿ, 15ರಿಂದ 20 ನಿಮಿಷದಲ್ಲಿ ಇಳಿಯುತ್ತದೆ. ಚರಟಕ್ಕೆ ಎರಡನೇ ಸಲ ನೀರು ಹಾಕುವ ಅಭ್ಯಾಸ ಈ ಬೀಜಕ್ಕೆ ಬೇಡವೇ ಬೇಡ, ಕಟ್ಟಿಗೆಯ ರುಚಿಯೆಲ್ಲ ಅದರಲ್ಲೇ ಬರುತ್ತದೆ.

ಡಿಕಾಕ್ಷನ್ ತೆಳುವೆನಿಸಿದರೆ 24 ಗ್ರಾಮಿನಲ್ಲಿ 5 ಗ್ರಾಂ ಚಿಕೋರಿ ಇರಲಿ. ಮೈ ಬರುತ್ತದೆ, ಬಣ್ಣ ಬರುತ್ತದೆ, ಘಮ ಬರುವುದಿಲ್ಲ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಸಪ್ಪೆತನ ಎಷ್ಟೋ ಮುಚ್ಚುತ್ತದೆ. ಹಾಲು ಒಡೆಯದಂತೆ ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲೇ ಕರಗಿಸಿ, ಒಲೆಯಿಂದ ಇಳಿಸಿದ ಹಾಲನ್ನು ಆಮೇಲೆ ಬೆರೆಸಿ, ಮತ್ತೆ ಕುದಿಸಬೇಡಿ.

ಪ್ರಶ್ನೆ: ಮನೆ ತೋಟದ ಹಸಿ ಕಾಫಿ ಬೀಜ ಎರಡು ವರ್ಷದಿಂದ ಚೀಲದಲ್ಲಿದೆ. ಬಿಳಿಚಿಕೊಂಡಿದೆ, ಒಂದು ಮೂಲೆಯಲ್ಲಿ ಬೂಷ್ಟು ಕಾಣುತ್ತಿದೆ. ಮಾನ್ಸೂನ್ ಕಾಫಿ ಎಂದು ಮಾರುವುದು ಇಂಥದ್ದನ್ನೇ ಅಲ್ಲವೇ? (ಹೊಸನಗರದಿಂದ)

ಉತ್ತರ: ಖಂಡಿತ ಅಲ್ಲ. ಮಾನ್ಸೂನ್ಡ್ ಮಲಬಾರ್ ಎಂಬ ಆ ಕಾಫಿಗೆ ಕರಾವಳಿಯ ಗೋದಾಮುಗಳಲ್ಲಿ ಆರಿಸಿದ ಬೀಜವನ್ನು ತೆಳ್ಳಗೆ ಹರಡಿ, ಮಳೆಗಾಲದ ಗಾಳಿಯಾಡಿಸಿ, ಕೆದಕಿ ಮಗುಚುತ್ತಾ ವಾರಗಟ್ಟಲೆ ಕಾಯುತ್ತಾರೆ. ಬೀಜ ಉಬ್ಬಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಹುಳಿ ತಗ್ಗುತ್ತದೆ. ಕಟ್ಟಿಟ್ಟ ಚೀಲದೊಳಗೆ ಆಗಿರುವುದು ಮುಗ್ಗಲು.

ಬೂಷ್ಟು ಹಿಡಿದ ಮೂಲೆಯ ಬೀಜವನ್ನೂ ಅದರ ಸುತ್ತಲಿನದನ್ನೂ ಧಾರಾಳವಾಗಿ ತೆಗೆದು ಎಸೆಯಿರಿ. ತೊಳೆದು ಉಪಯೋಗಿಸುವ ಯೋಚನೆ ಬೇಡ. ಬೂಷ್ಟಿನಲ್ಲಿ ಹುಟ್ಟಬಹುದಾದ ಆಕ್ರಟಾಕ್ಸಿನ್ ಎಂಬ ವಿಷ ಮೂತ್ರಪಿಂಡಕ್ಕೆ ಕೆಟ್ಟದ್ದು, ಹುರಿದರೆ ಕಡಿಮೆಯಾದೀತೇ ಹೊರತು ಪೂರ್ತಿ ಹೋಗುವುದಿಲ್ಲ. ಇಡೀ ಚೀಲವೇ ಮುಗ್ಗು ವಾಸನೆ ಬರುತ್ತಿದ್ದರೆ ಪೂರ್ತಿ ಬಿಡಬೇಕು. ಎರಡು ವರ್ಷ ಕಾದ ಬೆಳೆಯನ್ನು ಎಸೆಯುವುದು ಸಂಕಟವೇ, ಆದರೂ ಇಲ್ಲಿ ರಾಜಿ ಸಲ್ಲದು.

ಉಳಿದದ್ದು ಚೊಕ್ಕವಾಗಿದ್ದರೆ ಕಪ್ಪು, ಒಡಕು, ಹುಳು ಕೊರೆದ ಬೀಜ ಆರಿಸಿ ಎಸೆದು, ಮಿಕ್ಕಿದ್ದನ್ನು ಎರಡು ದಿನ ಬಿಸಿಲಿಗೆ ಹಾಕಿ. ಒಮ್ಮೆಗೆ 200 ಗ್ರಾಂ ಹುರಿಯಿರಿ: ಮೊದಲ ಐದು ನಿಮಿಷ ಸಣ್ಣ ಉರಿ, ಆಮೇಲೆ ಮಧ್ಯಮ, ಒಟ್ಟು 15ರಿಂದ 18 ನಿಮಿಷ. ಹಳೆ ಬೀಜ ಸಿಡಿಯುವ ಸದ್ದು ಕ್ಷೀಣ, ಆದ್ದರಿಂದ ಕಿವಿಗಿಂತ ಕಣ್ಣನ್ನು ನಂಬಿ. ತಿಳಿ ಕಂದಿಗೆ ಇಳಿಸಿದರೆ ಹುಲ್ಲಿನ ರುಚಿ ಉಳಿಯುತ್ತದೆ. ಗಾಢ ಕಂದಾಗಿ, ಎಣ್ಣೆ ಹೊಳಪು ಕಾಣುವ ಮುಂಚೆ ಇಳಿಸಿ. ಸುಮಾರು 165 ಗ್ರಾಂ ಸಿಗುತ್ತದೆ. ಒಂದು ರಾತ್ರಿ ಬಿಟ್ಟು ಪುಡಿ ಮಾಡಿ.

ಪ್ರಶ್ನೆ: ಕಾಫಿ ಪುಡಿಯನ್ನು ಫ್ರಿಜ್ಜಿನಲ್ಲಿಡಬಹುದೇ? (ಶಿವಮೊಗ್ಗದಿಂದ)

ಉತ್ತರ: ದಿನಾ ತೆಗೆದು ಇಡುವ ಡಬ್ಬಿಯನ್ನು ಇಡಬೇಡಿ, ಹೊರಗಿನ ಗಾಳಿ ತಾಗಿದಾಗಲೆಲ್ಲ ಒಳಗೆ ಬೆವರು ಕೂರುತ್ತದೆ. ಹೆಚ್ಚಿದ್ದರೆ ವಾರಕ್ಕೊಂದರಂತೆ ಸಣ್ಣ ಪೊಟ್ಟಣ ಕಟ್ಟಿ, ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿಡಿ. ತೆಗೆದ ಪೊಟ್ಟಣದ ತಣುಪು ಪೂರ್ತಿ ಹೋಗುವವರೆಗೆ ಬಿಚ್ಚಬೇಡಿ. ಚಿಕೋರಿ ತೇವವನ್ನು ಬಹುಬೇಗ ಎಳೆದುಕೊಂಡು ಗಂಟುಕಟ್ಟುತ್ತದೆ, ಅದನ್ನು ಬೇರೆ ಡಬ್ಬಿಯಲ್ಲಿಟ್ಟು ಫಿಲ್ಟರಿಗೆ ಹಾಕುವಾಗಲೇ ಬೆರೆಸಿ.