ಸೊಲೊಗೆ ಬರುವ ಮುನ್ನ

ಇಂಡೋನೇಷ್ಯಾದ ಜಾವಾ ದ್ವೀಪದ ಸೊಲೊ ಪಟ್ಟಣದ ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕಿದೆಯೆಂದೂ, ಜಾವಾದ ಜನ ಈಚೆಗೆ ಬಹಳ ಧರ್ಮನಿಷ್ಠರಾಗಿರುವುದರಿಂದ ಹಿಂದೂಗಳಾದ ನಾವು ಹೆಂಡತಿ ಮಕ್ಕಳೊಂದಿಗೆ ನೆಮ್ಮದಿಯಿಂದ ಬಾಳಬಹುದೇ ಎಂದೂ ದಾವಣಗೆರೆಯಿಂದ ಬರೆದು ಕೇಳಿದ್ದೀರಿ. ಖಂಡಿತ ಬಾಳಬಹುದು. ಮಾಂಸವಿಲ್ಲದ ಊಟ ಬೇಕೆಂದರೆ ಸೋಯಾದ ತೆಂಪೆ, ತಾಹು, ಕಡಲೆಕಾಯಿ ಚಟ್ನಿ ಬೆರೆಸಿದ ತರಕಾರಿಯ ಪೆಚೆಲ್ ಎಲ್ಲ ಕಡೆಯೂ ಸಿಗುತ್ತವೆ. ಖಾರದ ಸಾಂಬಲ್‌ಗೆ ಸೀಗಡಿಯ ತೆರಾಸಿ ಹಾಕಿದ್ದಾರೆಯೇ ಎಂದು ಮಾತ್ರ ಮೊದಲೇ ಕೇಳಿ. ಮಕ್ಕಳ ಶಾಲೆಯ ವಿಚಾರವನ್ನು ಬಂದ ಮೇಲೆ ನೋಡಿದರಾಯಿತು.

ನಾನು 1990ರಲ್ಲಿ ಬಂದಾಗ ಗಿರಣಿಯ ಹೆಣ್ಣುಮಕ್ಕಳಲ್ಲಿ ತಲೆವಸ್ತ್ರ ಧರಿಸುತ್ತಿದ್ದವರು ಬೆರಳೆಣಿಕೆಯಷ್ಟು. ಸರ್ಕಾರಿ ಶಾಲೆಗಳಲ್ಲಿ ಅದಕ್ಕೆ ಅನುಮತಿ ದೊರೆತದ್ದೇ 1991ರಲ್ಲಿ. ಅಧ್ಯಕ್ಷ ಸುಹಾರ್ತೊ ಹಜ್‌ಗೆ ಹೋದದ್ದೂ ಅದೇ ವರ್ಷ. ಈಗ ಅದೇ ಗಿರಣಿಯಲ್ಲಿ ತಲೆವಸ್ತ್ರ ಇಲ್ಲದವರನ್ನು ಹುಡುಕಬೇಕು, ನಮಾಜಿನ ಕೋಣೆಯನ್ನು ಎರಡು ಸಲ ದೊಡ್ಡದು ಮಾಡಿದ್ದಾರೆ.

ಪಕ್ಕದ ಮನೆಯ ಹಿರಿಯರು, ನಾನು ಗೌರವದಿಂದ 'ಪಾಕ್' (ಅಪ್ಪ) ಎಂದು ಕರೆಯುತ್ತಿದ್ದವರು, ಆಗ ಇಲ್ಲಿಯವರ ಮಾತಿನಲ್ಲಿ 'ಅಬಾಂಗನ್', ಅಂದರೆ ಹೆಸರಿಗಷ್ಟೇ ಮುಸ್ಲಿಮರು. ರಾತ್ರಿಯಿಡೀ ನಡೆಯುವ ವಯಾಂಗ್ ತೊಗಲುಗೊಂಬೆಯಾಟಕ್ಕೆ ನನ್ನನ್ನು ಕರೆದೊಯ್ದು, ಭೀಮ ಬಂದಾಗ ಮೊಣಕೈಯಿಂದ ತಿವಿಯುತ್ತಿದ್ದರು. ಕೆಲವು ವರ್ಷಗಳಲ್ಲಿ ಅವರು ಐದು ಹೊತ್ತಿನ ನಮಾಜು ಹಿಡಿದರು. ಒಂದು ಸಂಜೆ ನಾನು, "ನೀವು ಮೊದಲು ನಮ್ಮಂತೆಯೇ ಇದ್ದಿರಿ, ಯಾರದೋ ಮಾತು ಕೇಳಿ ಬದಲಾದಿರಿ" ಎಂದುಬಿಟ್ಟೆ. ಅವರು ನಗುತ್ತಲೇ, ವಯಾಂಗ್‌ನಲ್ಲಿ ಧರ್ಮರಾಯನ ಬಳಿ ಇರುವ ದಿವ್ಯಾಯುಧ ಕಲಿಮಸದವೆಂದರೆ ಇಸ್ಲಾಮಿನ ನಂಬಿಕೆಯ ಘೋಷಣೆಯಾದ ಕಲಿಮಾ ಶಹಾದತ್ ಎಂದೇ ನಮ್ಮ ತಾತಂದಿರು ಹೇಳುತ್ತಿದ್ದರು, ನಾನು ಎಲ್ಲಿಗೂ ಹೋಗಿಲ್ಲ ಎಂದರು. ಆ ಮೇಲೆ ಅವರ ಮನೆಯಲ್ಲಿ ನೆರೆಯವರನ್ನು ಕರೆದು ಪ್ರಾರ್ಥಿಸಿ ಬಡಿಸುವ ಸ್ಲಮೆತನ್ ಊಟಕ್ಕೆ ನನಗೆ ಕರೆ ಬರಲಿಲ್ಲ. ಜಾವಾದವರು ನೊಂದರೆ ಬೈಯುವುದಿಲ್ಲ, ದೂರವಾಗುತ್ತಾರೆ.

ಇಸ್ಲಾಮಿನ ಸುಧಾರಣೆಗೆ ದುಡಿಯುವ ಮುಹಮ್ಮದಿಯಾ ಸಂಸ್ಥೆ 1912ರಲ್ಲಿ ಪಕ್ಕದ ಯೋಗ್ಯಕರ್ತಾದಲ್ಲಿಯೇ ಹುಟ್ಟಿತೆಂಬುದಾಗಲಿ, 1965-66ರಲ್ಲಿ ಕಮ್ಯುನಿಸ್ಟರೆನಿಸಿದವರ ಹತ್ಯಾಕಾಂಡದಲ್ಲಿ ಲಕ್ಷಾಂತರ ಜನ ಸತ್ತ ಮೇಲೆ ಧರ್ಮವಿಲ್ಲದವನನ್ನು ಕಮ್ಯುನಿಸ್ಟನೆಂದು ಕರೆಯುವ ಭಯ ಹಬ್ಬಿ, ಶಾಲೆಯಲ್ಲಿ ಧರ್ಮಶಿಕ್ಷಣ ಕಡ್ಡಾಯವಾಗಿ, ಮಕ್ಕಳು ಕಲಿತದ್ದನ್ನು ಮನೆಗೆ ತಂದರೆಂಬುದಾಗಲಿ ನನಗೆ ಆಗ ತಿಳಿದಿರಲಿಲ್ಲ. ಭಯದಿಂದ ಆರಂಭವಾದದ್ದು ಅನೇಕರಲ್ಲಿ ನಿಜವಾದ ಭಕ್ತಿಯಾಯಿತು. ಪಾಕ್ ಅವರದು ನಿಜವಾದ ಭಕ್ತಿಯೆಂದು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿಯ ಹಳೆಯ ಹಿಂದೂ ದೇವಾಲಯ ಪ್ರಂಬಾನನ್ ಕಂಡು ನಿಮಗೂ ನನ್ನ ಹಾಗೆ ಎದೆ ಉಬ್ಬೀತು. ಆ ಹೆಮ್ಮೆಯನ್ನು ನೆರೆಯವರ ಮುಂದೆ ಹಕ್ಕಿನಂತೆ ಆಡಬೇಡಿ.

ಪಾಕ್ ತೀರಿಕೊಂಡ ಏಳನೆಯ ರಾತ್ರಿ, ಸತ್ತವರಿಗಾಗಿ ಮಾಡುವ ತಹ್ಲೀಲ್ ಪಠಣಕ್ಕೆ ಕರೆಯದಿದ್ದರೂ ಹೋದೆ. ಚಾಪೆಯ ಮೇಲೆ ಸರಿದು ಜಾಗ ಕೊಟ್ಟರು. ಹೊರಡುವಾಗ ಮಗ ಎರಡೂ ಕೈಗಳಿಂದ 'ಬೆರ್ಕತ್' ಊಟದ ಪೊಟ್ಟಣ ಕೊಟ್ಟು, ನಿಮ್ಮದರಲ್ಲಿ ಮಾಂಸ ಹಾಕಿಲ್ಲ, ಅಪ್ಪ ಹೇಳಿದ್ದರು ಎಂದ. ನಿಮ್ಮನ್ನು ಕರೆದರೆ ಬಾಟಿಕ್ ಅಂಗಿ ತೊಟ್ಟು ಹೋಗಿ, ಚಪ್ಪಲಿ ಹೊರಗೆ ಬಿಡಿ, ಪಠಣ ಮುಗಿಯುವವರೆಗೆ ಸುಮ್ಮನೆ ಕುಳಿತಿರಿ, ಕೊಟ್ಟ ಪೊಟ್ಟಣವನ್ನು ಮನೆಗೆ ತನ್ನಿ.